ಪ್ರಶ್ನೋತ್ತರ: ಉದ್ಯಮಶೀಲತೆಯ ಮೇಲೆ ಪಿಎಚ್.ಡಿ. ಮಾಡಹೊರಟವರಿಗೆ

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉದ್ಯಮಶೀಲತೆಯನ್ನು ಸಂಶೋಧನಾ ಪದವಿಯ ವಿಷಯವಾಗಿ ಓದುವ ಬಗ್ಗೆ ಇದ್ದವು. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಂ.ಬಿ.ಎ. ಮುಗಿಸಿದ್ದೇನೆ. ಸ್ವಂತ ಉದ್ಯಮ ಮಾಡುವ ಆಸೆಯಿದೆ. ಅದಕ್ಕೆ ಮೊದಲು ಉದ್ಯಮಶೀಲತೆಯಲ್ಲಿ ಪಿಎಚ್.ಡಿ. ಮಾಡಿಕೊಂಡರೆ ಅನುಕೂಲವಾದೀತೇ?
(ಕುಂದಾಪುರದ ಓದುಗ)

ಉತ್ತರ: ಉದ್ಯಮ ಮಾಡುವುದೇ ಗುರಿಯಾಗಿದ್ದರೆ ಬೇಡ. ಪಿಎಚ್.ಡಿ. ಎಂದರೆ ಕನಿಷ್ಠ 3 ವರ್ಷದ ಕೆಲಸ, ಹಲವರಿಗೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅಷ್ಟು ಕಾಲ ನೀವು ಕಲಿಯುವುದು ಬೇರೆಯವರ ಉದ್ಯಮಗಳನ್ನು ಗಮನಿಸಿ, ಅಳೆದು, ಹೋಲಿಸಿ ಕಾರಣ ಹುಡುಕುವ ವಿದ್ಯೆ. ಗಿರಾಕಿ ಹಿಡಿಯುವುದು, ಬಾಕಿ ವಸೂಲಿ, ಬ್ಯಾಂಕಿನ ಕಂತು ತೂಗಿಸುವುದು ಇವು ಪ್ರಬಂಧ ಬರೆದು ಬರುವಂಥವಲ್ಲ.

ಉದ್ಯಮಕ್ಕೇ ಇಳಿಯುವವರಿಗೆ ಹತ್ತಿರದಲ್ಲೇ ಬೇರೆ ಬಾಗಿಲುಗಳಿವೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿಯ ವಸತಿ ತರಬೇತಿ ಕೊಡುತ್ತದೆ. ದೇಶದಾದ್ಯಂತ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಇದೇ ಮಾದರಿಯಾಯಿತು. ಧಾರವಾಡದಲ್ಲಿ ಕೇಂದ್ರ ಕಚೇರಿಯಿರುವ ಸಿಡಾಕ್ ರಾಜ್ಯ ಸರ್ಕಾರದ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ. ತಂತ್ರಜ್ಞಾನದ ಕಲ್ಪನೆ ಕೈಯಲ್ಲಿದ್ದರೆ ಹೊಸ ಉದ್ಯಮಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ನಿಟ್ಟೆ ಮತ್ತು ಮಣಿಪಾಲದ ಇನ್‌ಕ್ಯುಬೇಷನ್ ಕೇಂದ್ರಗಳನ್ನು ವಿಚಾರಿಸಿ.

ಪಿಎಚ್.ಡಿ. ಯಾರಿಗೆ ಸೂಕ್ತ? ಕಾಲೇಜಿನಲ್ಲಿ ಕಲಿಸಬೇಕೆಂದಿರುವವರಿಗೆ, ಇನ್‌ಕ್ಯುಬೇಷನ್ ಕೇಂದ್ರ, ಬ್ಯಾಂಕಿನ ತರಬೇತಿ ಸಂಸ್ಥೆ ಅಥವಾ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲಿ ಯೋಜನೆ ರೂಪಿಸುವ ಕೆಲಸಕ್ಕೆ ಹೋಗುವವರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದೋ ಒಂದು ‘ಏಕೆ ಹೀಗೆ?’ ಎಂಬ ಪ್ರಶ್ನೆ ತಲೆಗೆ ಹತ್ತಿ ಬಿಡದವರಿಗೆ. ಆ ಪ್ರಶ್ನೆ ಇಲ್ಲದೆ ಸೇರಿದವರೇ ಮೂರನೇ ವರ್ಷದಲ್ಲಿ ನಿಂತುಹೋಗುವುದು.

ಪ್ರಶ್ನೆ: ಎಂ.ಕಾಂ.ನಲ್ಲಿ 56 ಶೇಕಡಾ ಅಂಕ ಬಂದಿದೆ. ಉದ್ಯಮಶೀಲತೆ ಎಂಬ ಪ್ರತ್ಯೇಕ ವಿಭಾಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಾಣಲಿಲ್ಲ. ಎಲ್ಲಿ, ಹೇಗೆ ಅರ್ಜಿ ಹಾಕಬೇಕು?
(ಮೂಡುಬಿದಿರೆಯ ಓದುಗಿ)

ಉತ್ತರ: ಪ್ರತ್ಯೇಕ ವಿಭಾಗ ಬೇಕಿಲ್ಲ. ವಾಣಿಜ್ಯ, ವ್ಯವಹಾರ ನಿರ್ವಹಣೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ, ಇತಿಹಾಸ ಇವುಗಳಲ್ಲಿ ಯಾವುದರಲ್ಲಾದರೂ ನೋಂದಾಯಿಸಿಕೊಂಡು ಉದ್ಯಮಶೀಲತೆಯ ವಿಷಯ ಆಯ್ದುಕೊಳ್ಳಬಹುದು. ನಿಮಗೆ ವಾಣಿಜ್ಯವೇ ಸಹಜ. ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯಲ್ಲದೆ ಸುರತ್ಕಲ್‌ನ ಎನ್.ಐ.ಟಿ.ಕೆ., ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ಮತ್ತು ಅದರೊಳಗಿರುವ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಸಂಸ್ಥೆ, ದೇರಳಕಟ್ಟೆಯ ನಿಟ್ಟೆ ಡೀಮ್ಡ್ ವಿಶ್ವವಿದ್ಯಾಲಯ ಇವುಗಳ ಪ್ರಕಟಣೆಗಳನ್ನೂ ನೋಡುತ್ತಿರಿ. ಉದ್ಯಮಶೀಲತೆಯನ್ನೇ ಕೇಂದ್ರವಾಗಿಟ್ಟುಕೊಂಡ ರಾಷ್ಟ್ರಮಟ್ಟದ ಸಂಸ್ಥೆ ಬೇಕೆಂದರೆ ಅಹಮದಾಬಾದಿನ ಇ.ಡಿ.ಐ.ಐ. (ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆ) ಇದೆ. 1983ರಲ್ಲಿ ಸ್ಥಾಪನೆಯಾದ ಅದರಲ್ಲಿ ಡಾಕ್ಟರೇಟ್ ಮಟ್ಟದ ಫೆಲೋ ಕಾರ್ಯಕ್ರಮವಿದೆ.

ಅರ್ಹತೆಗೆ ಈಗ ಆಧಾರ ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್.ಡಿ. ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ದುರ್ಬಲ ವರ್ಗದವರಿಗೆ 5 ಶೇಕಡಾ ರಿಯಾಯಿತಿ ಕೊಡಬಹುದು. ನಾಲ್ಕು ವರ್ಷದ ಪದವಿ ಮುಗಿಸಿದವರು 75 ಶೇಕಡಾ ಇದ್ದರೆ ಸ್ನಾತಕೋತ್ತರ ಇಲ್ಲದೆಯೂ ಅರ್ಜಿ ಹಾಕಬಹುದು.

ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಿರಿ. 2024ರಿಂದ ಅದರ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಸಹಿತ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಸಹಿತ, ಮತ್ತು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಕೊನೆಯ ಎರಡು ವರ್ಗದವರ ಅಂಕ ಪಿಎಚ್.ಡಿ. ಪ್ರವೇಶಕ್ಕೆ ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ. ಅವರಿಗೆ ಪರೀಕ್ಷೆಗೆ 70, ಸಂದರ್ಶನಕ್ಕೆ 30ರ ತೂಕ. ಆದ್ದರಿಂದ ಪರೀಕ್ಷೆ ಬರೆಯುವ ಮೊದಲೇ ಸಂಶೋಧನಾ ಪ್ರಶ್ನೆ, ಮಾರ್ಗದರ್ಶಕರ ಹುಡುಕಾಟ ಆಗಿರಬೇಕು. ಫಲಿತಾಂಶ ಬಂದ ಮೇಲೆ ಶುರುಮಾಡಿದರೆ ವರ್ಷ ಕೈಜಾರುತ್ತದೆ. ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳಲ್ಲಿ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಅರ್ಧ ವಿಷಯದ ಮೇಲೆ. ವಾಣಿಜ್ಯದವರು ಬಹುಪಾಲು ಎಡವುವುದು ಮೊದಲ ಅರ್ಧದಲ್ಲಿ.

ಪ್ರಶ್ನೆ: ‘ದಕ್ಷಿಣ ಕನ್ನಡ ಜಿಲ್ಲೆಯ ಮಹಿಳಾ ಉದ್ಯಮಿಗಳ ಸಮಸ್ಯೆಗಳು ಮತ್ತು ಭವಿಷ್ಯ’ ಎಂಬ ವಿಷಯ ಸಿದ್ಧಪಡಿಸಿ ಸಂದರ್ಶನಕ್ಕೆ ಹೋದೆ. ‘ಇದರಲ್ಲಿ ಸಂಶೋಧನಾ ಪ್ರಶ್ನೆಯೇ ಇಲ್ಲ’ ಎಂದರು. ಏನು ತಪ್ಪಾಯಿತು?
(ಪುತ್ತೂರಿನ ಓದುಗಿ)

ಉತ್ತರ: ಅವರು ಹೇಳಿದ್ದು ಸರಿ. ಆದರೆ ನಿಮ್ಮ ಕ್ಷೇತ್ರ ತಪ್ಪಲ್ಲ, ಅದರೊಳಗೆ ಒಳ್ಳೆಯ ಪ್ರಬಂಧವಿದೆ. ಮೊದಲು ಭಾರತದ ಪಿಎಚ್.ಡಿ. ಪ್ರಬಂಧಗಳನ್ನು ಸಂಗ್ರಹಿಸಿಟ್ಟ ಶೋಧಗಂಗಾ ಜಾಲತಾಣ ತೆರೆದು ‘ಮಹಿಳಾ ಉದ್ಯಮಿಗಳು, ಸಮಸ್ಯೆಗಳು’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಜಿಲ್ಲೆಯ ಹೆಸರೊಂದು ಬದಲಾದ, ಉಳಿದದ್ದೆಲ್ಲ ಒಂದೇ ಆದ ಪ್ರಬಂಧಗಳು ಸಾಲುಗಟ್ಟಿ ಬರುತ್ತವೆ. ಬಂಡವಾಳದ ಕೊರತೆ, ಮಾರುಕಟ್ಟೆಯ ಕೊರತೆ, ಕುಟುಂಬದ ಹೊಣೆ ಎಂಬ ಉತ್ತರ ಅವುಗಳಲ್ಲಿ ಆಗಲೇ ಇದೆ. ನೀವು ಮತ್ತೆ ನೂರಾರು ಮಂದಿಯನ್ನು ಕೇಳಿದರೂ ಅದೇ ಬರುತ್ತದೆ, ಏಕೆಂದರೆ ‘ನಿಮ್ಮ ಸಮಸ್ಯೆ ಏನು?’ ಎಂದು ಕೇಳಿದರೆ ಯಾರೂ ಬಂಡವಾಳ ಸಾಕಷ್ಟಿದೆ ಎನ್ನುವುದಿಲ್ಲ.

ಇಂಥ ವಿಷಯದಲ್ಲಿ ಮೂರು ಕೊರತೆಗಳಿವೆ. ಹೋಲಿಕೆ ಇಲ್ಲ: ಬೆಳೆದವರನ್ನು ಬೆಳೆಯದವರ ಜೊತೆ ಇಟ್ಟು ನೋಡುವುದಿಲ್ಲ. ಕಾಲ ಇಲ್ಲ: ಇವತ್ತಿನ ಸ್ಥಿತಿಯ ಒಂದು ಚಿತ್ರ ಮಾತ್ರ. ಮೂರನೆಯದು ದೊಡ್ಡದು. ಕಾರಣದ ಬಗ್ಗೆ ಯಾವ ಊಹೆಯೂ ಇಲ್ಲ, ಹಾಗಾಗಿ ತಪ್ಪೆಂದು ಸಾಬೀತಾಗುವ ಅವಕಾಶವೂ ಇಲ್ಲ.

ಅದೇ ಕ್ಷೇತ್ರವನ್ನು ಹೀಗೆ ಕಿರಿದು ಮಾಡಿ ನೋಡಿ. ನಿಮ್ಮ ತಾಲೂಕಿನ ಸ್ವಸಹಾಯ ಸಂಘಗಳಲ್ಲಿ ಸಾಲ ಪಡೆದು ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಮಾಡುವ ಹೆಂಗಸರಿದ್ದಾರೆ. ಅವರಲ್ಲಿ ಕೆಲವರು ಮನೆಯ ಹೊರಗಿನವರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಹಂತ ದಾಟುತ್ತಾರೆ, ಕೆಲವರು ಎಷ್ಟೇ ಬೇಡಿಕೆ ಬಂದರೂ ಮನೆಯವರ ಕೈಗಳಷ್ಟಕ್ಕೇ ನಿಲ್ಲುತ್ತಾರೆ. ಏಕೆ? ಇಲ್ಲಿ ‘ಮೊದಲ ಹೊರಗಿನ ಕೆಲಸಗಾರ’ ಎಂಬುದು ಅಳೆಯಬಹುದಾದ ಘಟನೆ. ದಾಟಿದವರು, ದಾಟದವರು ಎಂಬ ಹೋಲಿಕೆ ಸಿಕ್ಕಿತು. ಸಾಲ ಪಡೆದ ವರ್ಷದಿಂದ ಇಲ್ಲಿಯವರೆಗೆ ಎಂಬ ಕಾಲ ಸಿಕ್ಕಿತು. ಊಹೆಗಳನ್ನೂ ಎದುರುಬದುರು ನಿಲ್ಲಿಸಬಹುದು: ಸಾಲದ ಮೊತ್ತ ಕಾರಣವೋ, ವಾರದ ಕಂತಿನ ಒತ್ತಡವೋ, ಗಂಡನ ಆದಾಯದ ಸ್ಥಿರತೆಯೋ, ಹಿಂದೆ ಬೀಡಿ ಕಟ್ಟಿಯೋ ಕಾರ್ಖಾನೆಯಲ್ಲಿ ದುಡಿದೋ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿದ ಅನುಭವವೋ?

ಆಮೇಲೆ ಸಿದ್ಧಾಂತ. ಅದು ಎರಡನೇ ಅಧ್ಯಾಯದ ಅಲಂಕಾರವಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದೇ ಅದು. ಕೈಗೆ ಸಿಕ್ಕ ಸಾಮಗ್ರಿ, ಪರಿಚಯ, ಕೌಶಲಗಳನ್ನೇ ಜೋಡಿಸಿ ಉದ್ಯಮ ಕಟ್ಟುವ ಬಗೆಯನ್ನು ಬ್ರಿಕೋಲಾಜ್ ಎನ್ನುತ್ತಾರೆ. ಗುರಿ ಮೊದಲು ಇಟ್ಟುಕೊಳ್ಳದೆ, ‘ನಾನು ಯಾರು, ನನಗೇನು ಗೊತ್ತು, ಯಾರ ಪರಿಚಯವಿದೆ’ ಎಂಬಲ್ಲಿಂದ ಹೊರಡುವುದನ್ನು ಎಫೆಕ್ಚುಯೇಷನ್ ಎಂದು 2001ರಲ್ಲಿ ಸರಸ್ ಸರಸ್ವತಿ ವಿವರಿಸಿದರು. ಸಾಧನೆಯ ಹಂಬಲವನ್ನು ತರಬೇತಿಯಿಂದ ಹೆಚ್ಚಿಸಬಹುದೇ ಎಂದು ಡೇವಿಡ್ ಮೆಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಉದ್ಯಮಿಗಳ ಮೇಲೆ ಪ್ರಯೋಗ ನಡೆಸಿದ್ದರು. ನಮ್ಮ ದೇಶದ ಉದ್ಯಮಶೀಲತಾ ತರಬೇತಿಗಳಲ್ಲಿ ಅದರ ಗುರುತು ಇಂದಿಗೂ ಇದೆ. ಇವುಗಳಲ್ಲಿ ಒಂದನ್ನು ಆರಿಸಿ. ಮೂರನ್ನೂ ತುರುಕಿದ ಪ್ರಬಂಧದಲ್ಲಿ ಒಂದೂ ಕೆಲಸ ಮಾಡುವುದಿಲ್ಲ.

ಕರಾವಳಿಯಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಗಲ್ಫಿನಿಂದ ಮರಳಿದವರು ಆರಂಭಿಸುವ ಉದ್ಯಮ ಊರಲ್ಲೇ ಉಳಿದವರ ಉದ್ಯಮಕ್ಕಿಂತ ಬೇರೆಯಾಗಿರುತ್ತದೆಯೇ? ಮಲ್ಪೆಯಲ್ಲಿ ಪಾಲುದಾರಿಕೆಯ ದೋಣಿಗಳು ಯಾವಾಗ ಒಡೆಯುತ್ತವೆ, ಯಾವಾಗ ಎರಡನೇ ದೋಣಿಗೆ ಬೆಳೆಯುತ್ತವೆ? ಗೇರುಬೀಜ ಸಂಸ್ಕರಣೆಯಲ್ಲಿ ಕೆಲವರು ಮಾತ್ರ ಸಗಟು ಬಿಟ್ಟು ಸ್ವಂತ ಬ್ರ್ಯಾಂಡಿಗೆ ಹೋಗುವುದೇಕೆ? 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದಿಂದ ಕುಟುಂಬಗಳು ಹೊರಬಂದದ್ದು ಹೇಗೆ, ಬಂಡವಾಳ ಎಲ್ಲಿಗೆ ಹೋಯಿತು? ಉದ್ಯಮದಿಂದ ಹೊರಬರುವುದೂ ಉದ್ಯಮಶೀಲತೆಯ ಅಧ್ಯಯನವೇ. ನಮ್ಮಲ್ಲಿ ಅದನ್ನು ಮುಟ್ಟಿದವರು ಕಡಿಮೆ.

ಮುಂದಿನ ಸಂದರ್ಶನಕ್ಕೆ ಒಂದೇ ಪುಟ ಬರೆದುಕೊಂಡು ಹೋಗಿ. ಪ್ರಶ್ನೆ ಒಂದು ವಾಕ್ಯದಲ್ಲಿ, ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ದತ್ತಾಂಶ ಯಾರ ಕೈಯಲ್ಲಿದೆ, ಸಿಗದಿದ್ದರೆ ಏನು ಮಾಡುತ್ತೀರಿ, ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪೆಂದು ಒಪ್ಪುತ್ತೀರಿ. ಕೊನೆಯದಕ್ಕೆ ಉತ್ತರ ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ.

ಪ್ರಶ್ನೆ: ಪಿಎಚ್.ಡಿ. ದೊಡ್ಡದಾಯಿತು. ಎಂ.ಫಿಲ್. ಮಾಡಬಹುದೇ?
(ಬ್ರಹ್ಮಾವರದ ಓದುಗ)

ಉತ್ತರ: ಇಲ್ಲ. 2022ರ ನಿಯಮಾವಳಿಯಂತೆ ಭಾರತದಲ್ಲಿ ಎಂ.ಫಿಲ್. ನಿಂತುಹೋಗಿದೆ. ಯಾರಾದರೂ ಈಗ ಉದ್ಯಮಶೀಲತೆಯಲ್ಲಿ ಎಂ.ಫಿಲ್. ಕೊಡುತ್ತೇವೆಂದರೆ ಸೇರಬೇಡಿ. ಬ್ರಿಟನ್ನಿನಂಥ ಕಡೆ ಸಂಶೋಧನಾ ಸ್ನಾತಕೋತ್ತರ ಪದವಿಗಳು ಇನ್ನೂ ಇವೆ.

ಪ್ರಶ್ನೆ: ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಸುಮಾರು 600 ಘಟಕಗಳ ಪಟ್ಟಿ ಸಿಕ್ಕಿದೆ. 384 ಪ್ರಶ್ನಾವಳಿ ತುಂಬಿಸಬೇಕು ಎನ್ನುತ್ತಾರೆ. ಎರಡು ತಿಂಗಳಲ್ಲಿ 40 ಮಾತ್ರ ಆಗಿದೆ. ಗೂಗಲ್ ಫಾರ್ಮ್ ಕಳಿಸಿದರೆ ಸಾಕೇ?
(ಬೈಕಂಪಾಡಿ ಸಮೀಪದ ಸಂಶೋಧನಾರ್ಥಿ)

ಉತ್ತರ: ಮೊದಲು ಆ 384ನ್ನು ಬಿಡಿಸಿ ನೋಡೋಣ. ಬಹಳ ದೊಡ್ಡ ಸಮುದಾಯದಿಂದ ಯಾದೃಚ್ಛಿಕವಾಗಿ ಆರಿಸಿ, ‘ಶೇಕಡಾ ಎಷ್ಟು ಮಂದಿ ಹೀಗೆ ಮಾಡುತ್ತಾರೆ’ ಎಂಬುದನ್ನು 95 ಶೇಕಡಾ ವಿಶ್ವಾಸದಲ್ಲಿ 5 ಅಂಶ ಆಚೀಚೆ ಹೇಳಲು ಬೇಕಾಗುವ ಸಂಖ್ಯೆ ಅದು. ನಿಮ್ಮ ಪಟ್ಟಿಯಲ್ಲಿ 600 ಮಾತ್ರ ಇದ್ದರೆ ಅದೇ ಲೆಕ್ಕದಲ್ಲಿ 234 ಸಾಕು, ಪಟ್ಟಿ 250 ಇದ್ದರೆ 152. ಎರಡು ಸಂಗತಿಗಳ ನಡುವಿನ ಸಂಬಂಧ ಪರೀಕ್ಷಿಸುವುದು ನಿಮ್ಮ ಉದ್ದೇಶವಾದರೆ ಈ ಸೂತ್ರವೇ ಅನ್ವಯಿಸುವುದಿಲ್ಲ. ಎಷ್ಟು ದೊಡ್ಡ ಪರಿಣಾಮ ನಿರೀಕ್ಷಿಸುತ್ತೀರಿ ಎಂಬುದರ ಮೇಲೆ ಪವರ್ ಅನಾಲಿಸಿಸ್ (ಆ ಪರಿಣಾಮ ನಿಜವಾಗಿ ಇದ್ದರೆ ಅದನ್ನು ಹಿಡಿಯಲು ಎಷ್ಟು ಮಂದಿ ಬೇಕೆಂಬ ಲೆಕ್ಕ) ಮಾಡಿ ಸಂಖ್ಯೆ ನಿರ್ಧರಿಸಬೇಕು. ಜಿ-ಪವರ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು.

ಸಂಖ್ಯೆಗಿಂತ ದೊಡ್ಡ ತೊಂದರೆ ನಿಮ್ಮ ಪಟ್ಟಿಯಲ್ಲೇ ಇದೆ. ನೀವು ಬಾಗಿಲು ತಟ್ಟಿದಾಗ ತೆರೆಯುವುದು ಇನ್ನೂ ನಡೆಯುತ್ತಿರುವ ಘಟಕಗಳು ಮಾತ್ರ. ‘ಧೈರ್ಯ ಮಾಡಿ ಸಾಲ ತೆಗೆದವರು ಗೆದ್ದರು’ ಎಂದು ಅವರು ಹೇಳಿದರೆ ಅದು ನಿಜವಿರಬಹುದು. ಆದರೆ ಅಷ್ಟೇ ಧೈರ್ಯದಿಂದ ಸಾಲ ತೆಗೆದು ಮುಚ್ಚಿದವರು ನಿಮ್ಮ ಲೆಕ್ಕಕ್ಕೆ ಬರಲೇ ಇಲ್ಲ. ಉದ್ಯಮಶೀಲತೆಯ ಪ್ರಬಂಧಗಳಲ್ಲಿ ಇದಕ್ಕಿಂತ ಹಾನಿ ಮಾಡುವ ದೋಷ ಇನ್ನೊಂದಿಲ್ಲ. ಹಾಗಾಗಿ ಇವತ್ತಿನ ಪಟ್ಟಿಯ ಬದಲು ಐದಾರು ವರ್ಷ ಹಿಂದಿನ ಪಟ್ಟಿಯನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅದರಲ್ಲಿರುವ ಪ್ರತಿ ಘಟಕದ ಗತಿ ಏನಾಯಿತೆಂದು ಬೆನ್ನಟ್ಟಿ. ಜಿ.ಎಸ್.ಟಿ. ಸಂಖ್ಯೆ ಗೊತ್ತಿದ್ದರೆ ಜಿ.ಎಸ್.ಟಿ. ಜಾಲತಾಣದಲ್ಲಿ ನೋಂದಣಿ ಚಾಲ್ತಿಯಲ್ಲಿದೆಯೇ, ರದ್ದಾಗಿದ್ದರೆ ಯಾವ ದಿನಾಂಕದಿಂದ ಎಂಬುದು ಯಾರಿಗಾದರೂ ಕಾಣುತ್ತದೆ. ಕಂಪನಿಯಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಸ್ಥಿತಿ ಸಿಗುತ್ತದೆ. ಚಿಕ್ಕ ಘಟಕಗಳಿಗೆ ಗ್ರಾಮ ಪಂಚಾಯತ್‌ನ ವ್ಯಾಪಾರ ಪರವಾನಿಗೆ ಪುಸ್ತಕವೇ ಆಧಾರ. ನೋಂದಣಿ ರದ್ದಾದರೆ ಉದ್ಯಮ ಸೋತಿತೆಂದೇ ಅರ್ಥವಲ್ಲ, ಮಾರಿರಬಹುದು, ಹೆಸರು ಬದಲಿಸಿರಬಹುದು. ಅದನ್ನು ಫೋನಿನಲ್ಲಾದರೂ ಕೇಳಿಯೇ ಗುರುತಿಸಬೇಕು.

ಇನ್ನೊಂದು ಎಚ್ಚರ. 2020ರ ಜುಲೈ 1ರಿಂದ ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಉದ್ಯಮ್ ನೋಂದಣಿ ಬಂತು. 2025ರ ಏಪ್ರಿಲ್ 1ರಿಂದ ಈ ವರ್ಗಗಳ ವ್ಯಾಖ್ಯೆಯೇ ಬದಲಾಯಿತು. ಅತಿಸಣ್ಣ ಉದ್ಯಮಕ್ಕೆ ಮೊದಲು ಹೂಡಿಕೆ 1 ಕೋಟಿ, ವಹಿವಾಟು 5 ಕೋಟಿ ರೂಪಾಯಿ ಮಿತಿ ಇತ್ತು, ಈಗ 2.5 ಕೋಟಿ ಮತ್ತು 10 ಕೋಟಿ. ಈ ದಿನಾಂಕದ ಎರಡೂ ಬದಿಯ ಪಟ್ಟಿಗಳನ್ನು ಬೆರೆಸಿದರೆ, ಏನೂ ಬದಲಾಗದ ‘ಸಣ್ಣ’ ಘಟಕವೊಂದು ನಿಮ್ಮ ಕೋಷ್ಟಕದಲ್ಲಿ ‘ಅತಿಸಣ್ಣ’ವಾಗಿ ಕುಳಿತಿರುತ್ತದೆ. ಯಾವ ದಿನದ ವ್ಯಾಖ್ಯೆ ಬಳಸಿದ್ದೀರಿ ಎಂದು ವಿಧಾನದ ಅಧ್ಯಾಯದಲ್ಲಿ ಬರೆಯಿರಿ.

ಗೂಗಲ್ ಫಾರ್ಮ್ ಬಗ್ಗೆ: ಅದನ್ನು ತುಂಬುವವರು ಇಂಗ್ಲಿಷ್ ಬಲ್ಲ, ಸಂಘಟನೆಯಲ್ಲಿ ಓಡಾಡುವ, ಬಿಡುವಿರುವ ಉದ್ಯಮಿಗಳು. ಅಲ್ಲಿಗೆ ಮಾದರಿ ವಾಲಿಬಿಡುತ್ತದೆ. ಖುದ್ದು ಹೋಗುವುದೇ ಮೇಲು. ಆದರೆ ದಿನ ನೋಡಿ ಹೋಗಿ. ತಿಂಗಳ 11 ಮತ್ತು 20 ಜಿ.ಎಸ್.ಟಿ. ರಿಟರ್ನ್‌ನ ಕೊನೆಯ ದಿನಗಳು, ಅದರ ಹಿಂದುಮುಂದು ಲೆಕ್ಕಪತ್ರದವರಿಗೂ ಮಾಲೀಕರಿಗೂ ಪುರುಸೊತ್ತಿರುವುದಿಲ್ಲ. ಮಾರ್ಚ್ ತಿಂಗಳು ಇಡೀ ಬಿಡಿ. ಅಡುಗೆ, ಶಾಮಿಯಾನ, ಹೂವಿನವರನ್ನು ಏಪ್ರಿಲ್-ಮೇ ಮದುವೆ ಕಾಲದಲ್ಲಿ ಹಿಡಿಯಲಾಗದು. ಮೀನುಗಾರಿಕೆಯವರಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ಬಂದರಿನಲ್ಲೇ ಸಿಗುತ್ತಾರೆ, ಮಾತಾಡಲು ಸಮಯವೂ ಇರುತ್ತದೆ.

ವಹಿವಾಟು ಎಷ್ಟೆಂದು ನೇರ ಕೇಳಿದರೆ ತೆರಿಗೆಯ ಭಯಕ್ಕೆ ಕಡಿಮೆ ಹೇಳುತ್ತಾರೆ, ಇಲ್ಲವೇ ಅಲ್ಲಿಂದ ಮುಂದೆ ಮಾತೇ ಆಡುವುದಿಲ್ಲ. ಹಂತಗಳನ್ನು ಕೊಟ್ಟು ಗುರುತು ಹಾಕಿಸಿ, ಅದನ್ನೂ ಕೊನೆಯ ಪುಟಕ್ಕೆ ಇಡಿ. ಕೆಲಸಗಾರರ ಸಂಖ್ಯೆ, ವಿದ್ಯುತ್ ಸಂಪರ್ಕದ ಸಾಮರ್ಥ್ಯ, ಯಂತ್ರಗಳ ಸಂಖ್ಯೆ ಇವು ಬೆಳವಣಿಗೆಯ ಹೆಚ್ಚು ನಂಬಬಹುದಾದ ಗುರುತುಗಳು. ‘ನಾನು ಅಪಾಯ ತೆಗೆದುಕೊಳ್ಳುವವನು’ ಎಂಬುದಕ್ಕೂ ‘ನನ್ನ ಉದ್ಯಮ ಯಶಸ್ವಿ’ ಎಂಬುದಕ್ಕೂ ಒಬ್ಬನೇ ವ್ಯಕ್ತಿ, ಒಂದೇ ದಿನ, ಒಂದೇ ಕಾಗದದಲ್ಲಿ ಐದಕ್ಕೆ ನಾಲ್ಕು ಅಂಕ ಕೊಟ್ಟರೆ ಅಲ್ಲಿ ಕಾಣುವ ಸಂಬಂಧ ಬಹುಮಟ್ಟಿಗೆ ಅವನ ಆ ದಿನದ ಮನಸ್ಥಿತಿಯದು. ಫಲಿತಾಂಶವನ್ನು ಬೇರೆ ಮೂಲದಿಂದ ತನ್ನಿ, ಇಲ್ಲವೇ ಆರು ತಿಂಗಳ ಅಂತರವಿಟ್ಟು ಕೇಳಿ. ಇದೆಲ್ಲಕ್ಕೂ ಮುಂಚೆ 30 ಮಂದಿಯ ಮೇಲೆ ಪ್ರಾಯೋಗಿಕ ಸಮೀಕ್ಷೆ ಮಾಡಿ. ಯಾವ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೋ ಅದನ್ನು ಕಿತ್ತುಹಾಕಿ.

ರಾಜ್ಯಮಟ್ಟದ ಹೋಲಿಕೆ ಬೇಕಾದರೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಅಸಂಘಟಿತ ಉದ್ಯಮಗಳ ವಾರ್ಷಿಕ ಸಮೀಕ್ಷೆಯ ಘಟಕ ಮಟ್ಟದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಹಿನ್ನೆಲೆಯಾಗಿ ಇಟ್ಟುಕೊಂಡರೆ ನಿಮ್ಮ ಸಣ್ಣ ಮಾದರಿಗೂ ತೂಕ ಬರುತ್ತದೆ.

ಪ್ರಶ್ನೆ: ಸಮೀಕ್ಷೆಯ ಬದಲು 25 ಉದ್ಯಮಿಗಳ ದೀರ್ಘ ಸಂದರ್ಶನ ಮಾಡಿದರೆ ಸುಲಭವಲ್ಲವೇ? ಹೆಚ್ಚಿನವರು ತುಳುವಿನಲ್ಲೇ ಮಾತಾಡುತ್ತಾರೆ.
(ಕಾಪುವಿನ ಓದುಗಿ)

ಉತ್ತರ: ಸುಲಭವಲ್ಲ. ಆದರೆ ಹೇಗೆ ನಿರ್ಧಾರ ತೆಗೆದುಕೊಂಡರು ಎಂಬ ಪ್ರಶ್ನೆಗೆ ಅದೇ ಸರಿಯಾದ ದಾರಿ. ಒಂದು ಗಂಟೆಯ ಧ್ವನಿಮುದ್ರಣ ಬರವಣಿಗೆಗೆ ಇಳಿಯಲು ಐದಾರು ಗಂಟೆ ಬೇಕು. 25 ಮಂದಿ, ತಲಾ ಒಂದೂವರೆ ಗಂಟೆ ಎಂದರೆ ಬರೆದುಕೊಳ್ಳುವುದಕ್ಕೇ 200 ಗಂಟೆಯ ಆಸುಪಾಸು. ತುಳು ಮಾತನ್ನು ಕನ್ನಡ ಲಿಪಿಯಲ್ಲಿ ತುಳುವಾಗಿಯೇ ಬರೆದುಕೊಳ್ಳಿ. ವಿಶ್ಲೇಷಣೆ ಅದರ ಮೇಲೆಯೇ ನಡೆಯಲಿ, ಪ್ರಬಂಧದಲ್ಲಿ ಉದ್ಧರಿಸುವ ಭಾಗವನ್ನು ಮಾತ್ರ ಇಂಗ್ಲಿಷಿಗೆ ತನ್ನಿ. ಕೇಳಿಸಿಕೊಳ್ಳುತ್ತಲೇ ಇಂಗ್ಲಿಷಿನಲ್ಲಿ ಬರೆದರೆ ಎಲ್ಲರೂ ಒಂದೇ ಮ್ಯಾನೇಜ್‌ಮೆಂಟ್ ಪುಸ್ತಕದಂತೆ ಮಾತಾಡಿದ ಹಾಗೆ ಕಾಣುತ್ತದೆ. ‘ಏಕೆ ಈ ಉದ್ಯಮಕ್ಕೆ ಬಂದಿರಿ’ ಎನ್ನುವ ಬದಲು ‘ಮೊದಲ ಯಂತ್ರ ಯಾವಾಗ ತಂದಿರಿ, ಹಣ ಯಾರು ಕೊಟ್ಟರು, ಆಗ ಮನೆಯಲ್ಲಿ ಯಾರು ಬೇಡವೆಂದರು’ ಎಂದು ಘಟನೆಗಳನ್ನು ಕೇಳಿ. ಬಿಲ್ಲು, ಸಾಲಪತ್ರ ಇದ್ದರೆ ತೋರಿಸಲು ವಿನಂತಿಸಿ. ವರ್ಷಗಳು ನೆನಪಿನಲ್ಲಿ ಜಾರುತ್ತವೆ, ಕಾಗದದಲ್ಲಿ ನಿಲ್ಲುತ್ತವೆ. ಒಪ್ಪಿಗೆ ಪತ್ರ, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಮೊದಲೇ ಆಗಲಿ. ಸಣ್ಣ ಊರಿನಲ್ಲಿ ಹೆಸರು ಮರೆಮಾಡಿದರೆ ಸಾಲದು, ಊರು ಮತ್ತು ಸರಕು ಸೇರಿದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಒಂದನ್ನಾದರೂ ಬದಲಿಸಿ.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿ. ನಮ್ಮ ಜಿಲ್ಲೆಗಳಲ್ಲಿ ಬ್ಯಾಂಕುಗಳು ಹುಟ್ಟಿದ್ದನ್ನು ಉದ್ಯಮಶೀಲತೆಯ ವಿಷಯವಾಗಿ ತೆಗೆದುಕೊಳ್ಳಬಹುದೇ?
(ಉಡುಪಿಯ ಓದುಗ)

ಉತ್ತರ: ಖಂಡಿತ. ಕೆನರಾ ಬ್ಯಾಂಕ್ ಮತ್ತು ಉಡುಪಿಯ ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಶುರುವಾದವು. ಒಂದೇ ಜಿಲ್ಲೆಯಲ್ಲಿ, ಬೇರೆ ಬೇರೆ ಸಮುದಾಯಗಳಿಂದ, 25 ವರ್ಷಗಳೊಳಗೆ. ಆದರೆ ಈ ಐದರ ಕೀರ್ತಿಕಥೆ ಬರೆದರೆ ಪ್ರಬಂಧವಾಗದು. ಅದೇ ಕಾಲದಲ್ಲಿ ಹುಟ್ಟಿ ಅಳಿದ ಅಥವಾ ವಿಲೀನವಾದ ಸಣ್ಣ ಬ್ಯಾಂಕುಗಳನ್ನೂ ಸೇರಿಸಿ, ಉಳಿದವುಗಳಲ್ಲಿ ಏನಿತ್ತು ಎಂದು ಕೇಳಿ. ಉದಾಹರಣೆಗೆ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ತಂದ ಪಿಗ್ಮಿ ಠೇವಣಿ: ದಿನದಿನ ಮನೆಬಾಗಿಲಿಗೆ ಬಂದು ಚಿಲ್ಲರೆ ಸಂಗ್ರಹಿಸಿದ್ದು ಬರೀ ಹಣ ತಂದಿತೇ, ಅಥವಾ ಸಾಲ ಯಾರಿಗೆ ಕೊಡಬಹುದೆಂಬ ತಿಳಿವಳಿಕೆಯನ್ನೂ ತಂದಿತೇ? ಇದು ಪರೀಕ್ಷಿಸಬಹುದಾದ ಪ್ರಶ್ನೆ.

ದಾಖಲೆಗಳು ಚದುರಿವೆ, ಅದನ್ನು ಮೊದಲೇ ತಿಳಿದುಕೊಳ್ಳಿ. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರಿಂದ ಸರ್ಕಾರಿ ಕಡತಗಳನ್ನು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ ಹುಡುಕಬೇಕು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ದಾಖಲೆಗಳಿಗೆ ಈಗ ಅನುಮತಿ ಕೇಳಬೇಕಾದ್ದು ಈ ಬ್ಯಾಂಕುಗಳನ್ನು. ಪತ್ರ ವ್ಯವಹಾರಕ್ಕೆ ಆರು ತಿಂಗಳು ಮೀಸಲಿಡಿ. ಉಡುಪಿಯಲ್ಲಿರುವ ಕಾರ್ಪೊರೇಷನ್ ಬ್ಯಾಂಕ್ ಪರಂಪರೆ ಸಂಗ್ರಹಾಲಯ ಮತ್ತು ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿರುವ ಬಾಸೆಲ್ ಮಿಷನ್ ದಾಖಲೆಗಳನ್ನೂ ನೋಡಿ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿದ ಮೇಲೆ ರಿಸರ್ವ್ ಬ್ಯಾಂಕ್ ಸಣ್ಣ ಬ್ಯಾಂಕುಗಳ ವಿಲೀನಕ್ಕೆ ಒತ್ತು ಕೊಟ್ಟಿತು. ಹಾಗಾಗಿ 1960ರ ದಶಕದ ‘ಸಾವು’ಗಳನ್ನು ಅದಕ್ಕೂ ಹಿಂದಿನ ಸೋಲುಗಳ ಜೊತೆ ಒಂದೇ ಗುಂಪಿಗೆ ಹಾಕಬೇಡಿ.

ಪ್ರಶ್ನೆ: 46 ವರ್ಷ, ಸ್ವಂತ ಗೇರುಬೀಜ ಕಾರ್ಖಾನೆ. ಅರೆಕಾಲಿಕ ಪಿಎಚ್.ಡಿ. ಸಾಧ್ಯವೇ? ನನ್ನ ಉದ್ಯಮವನ್ನೇ ವಿಷಯ ಮಾಡಬಹುದೇ? ಆನ್‌ಲೈನಿನಲ್ಲಿ ವಿದೇಶಿ ಡಿ.ಬಿ.ಎ. (ವ್ಯವಹಾರ ನಿರ್ವಹಣೆಯ ಡಾಕ್ಟರೇಟ್) ಜಾಹೀರಾತುಗಳೂ ಬರುತ್ತಿವೆ.
(ಕಾರ್ಕಳದ ಓದುಗ)

ಉತ್ತರ: ವಯಸ್ಸು ಅಡ್ಡಿಯಲ್ಲ. ಅರೆಕಾಲಿಕ ಪಿಎಚ್.ಡಿ.ಗೆ ನಿಯಮದಲ್ಲಿ ಅವಕಾಶವಿದೆ. ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಸ್ವಂತ ಉದ್ಯಮಿಗಳಿಂದ ಅದರ ಬದಲು ಏನು ಬೇಕೆಂದು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಿಂದ ಲಿಖಿತವಾಗಿ ಪಡೆಯಿರಿ. ಕೋರ್ಸ್‌ವರ್ಕ್ (ಸಂಶೋಧನೆಗೆ ಮುನ್ನ ಓದಬೇಕಾದ ಪಾಠಗಳು) ಕನಿಷ್ಠ 12 ಕ್ರೆಡಿಟ್, ಅದರಲ್ಲಿ 55 ಶೇಕಡಾ ಬರಬೇಕು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ. ಒಟ್ಟು ಅವಧಿ 6 ವರ್ಷ, ಮರುನೋಂದಣಿಯಿಂದ ಇನ್ನೆರಡು ವರ್ಷ. ಮಹಿಳೆಯರಿಗೂ 40 ಶೇಕಡಾಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರಿಗೂ ಮತ್ತೆರಡು ವರ್ಷದ ರಿಯಾಯಿತಿ ಇದೆ. ಕಚ್ಚಾ ಬೀಜ ಖರೀದಿಯ ತಿಂಗಳುಗಳಲ್ಲಿ ಕೋರ್ಸ್‌ವರ್ಕ್ ಬೀಳದಂತೆ ಸೇರುವ ಸೆಮಿಸ್ಟರ್ ಆರಿಸಿ. ಆಮೇಲೆ ವಾರಕ್ಕೆ 15 ಗಂಟೆಯಾದರೂ ನಿಯಮಿತವಾಗಿ ಕೂರಲು ಆಗದಿದ್ದರೆ ಕೆಲಸ ಸಾಗುವುದಿಲ್ಲ.

ನಿಮ್ಮ ಕಾರ್ಖಾನೆ ಹಲವು ಪ್ರಕರಣಗಳಲ್ಲಿ ಒಂದಾಗಬಹುದು, ಅದೂ ಬೇರೊಬ್ಬರು ಸಂದರ್ಶನ ನಡೆಸಿದರೆ. ಪೂರ್ತಿ ಪ್ರಬಂಧ ಅದರ ಮೇಲೆ ಬೇಡ. ಪ್ರತಿಸ್ಪರ್ಧಿ ಕಾರ್ಖಾನೆಗಳು ನಿಮಗೆ ಬೆಲೆ, ಖರೀದಿಯ ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬುದನ್ನೂ ಯೋಚಿಸಿ. ನಿಮಗೆ ಒಳಗಿನ ತಿಳಿವಳಿಕೆ ಇದ್ದು ಪೈಪೋಟಿ ಇಲ್ಲದ ವಿಷಯ ಸಿಕ್ಕರೆ ಅದೇ ಬಂಗಾರ: ಕಾರ್ಮಿಕರಾಗಿದ್ದವರು ಸ್ವಂತ ಸಂಸ್ಕರಣಾ ಘಟಕ ತೆರೆಯುವುದು ಅಂಥ ಒಂದು.

ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್.ಡಿ.ಗೆ ಭಾರತದಲ್ಲಿ ಮಾನ್ಯತೆ ಇಲ್ಲ. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಪದವಿಗಳ ಬಗ್ಗೆ ಯು.ಜಿ.ಸಿ. ಎಚ್ಚರಿಕೆಯನ್ನೂ ಕೊಟ್ಟಿದೆ. ಲಕ್ಷಾಂತರ ರೂಪಾಯಿ ಕಟ್ಟುವ ಮುನ್ನ ಆ ಪದವಿಯಿಂದ ನಿಮಗೆ ಬೇಕಾದ್ದು ಕಲಿಕೆಯೋ, ಹೆಸರಿನ ಮುಂದೆ ಡಾಕ್ಟರೋ ಎಂದು ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ಮಾರ್ಗದರ್ಶಕರನ್ನು ಆರಿಸುವುದು ಹೇಗೆ? ಫೆಲೋಶಿಪ್ ಎಷ್ಟು ಸಿಗುತ್ತದೆ?
(ಸುಳ್ಯ, ಬಂಟ್ವಾಳದ ಓದುಗರು)

ಉತ್ತರ: ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನು ಮಾತ್ರ ಒಂದು ಹೊತ್ತಿಗೆ ಹೊಂದಿರಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇವೆರಡನ್ನು ಮೊದಲು ನೋಡಿ. ಆಮೇಲೆ ಅವರ ಕೈಕೆಳಗೆ ಈಗಾಗಲೇ ಮುಗಿಸಿದವರ ಎರಡು ಪ್ರಬಂಧಗಳನ್ನು ಶೋಧಗಂಗಾದಲ್ಲಿ ಓದಿ, ವಿಧಾನದ ಅಧ್ಯಾಯವನ್ನಂತೂ ಪೂರ್ತಿ. ಎರಡೂ ಒಂದೇ ಅಚ್ಚಿನಲ್ಲಿದ್ದರೆ ನಿಮ್ಮದೂ ಹಾಗೇ ಆಗುತ್ತದೆ.

ಜೆ.ಆರ್.ಎಫ್. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಐ.ಸಿ.ಎಸ್.ಎಸ್.ಆರ್. (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್ ತಿಂಗಳಿಗೆ 20,000, ಜೊತೆಗೆ ವರ್ಷಕ್ಕೆ 20,000 ಸಾದಿಲ್ವಾರು ವೆಚ್ಚ. ಪೂರ್ಣಾವಧಿಯವರಿಗೆ ಮಾತ್ರ. ಐ.ಸಿ.ಎಸ್.ಎಸ್.ಆರ್. ಅರ್ಜಿಗೆ ಪಿಎಚ್.ಡಿ. ನೋಂದಣಿ ಆಗಿರಬೇಕು, ಆದ್ದರಿಂದ ಮೊದಲ ವರ್ಷದ ಖರ್ಚಿಗೆ ಬೇರೆ ದಾರಿ ನೋಡಿಟ್ಟುಕೊಳ್ಳಿ.

ಪ್ರಶ್ನೆ: ‘ಮೂರು ದಿನದಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಣೆ, ಶುಲ್ಕ ಇಷ್ಟು’ ಎಂದು ವಾಟ್ಸ್ಆ್ಯಪ್ ಬಂದಿದೆ. ಪ್ರಬಂಧ ಸಲ್ಲಿಸಲು ಎರಡು ಲೇಖನ ಬೇಕಲ್ಲ?
(ಮಂಗಳೂರಿನ ಸಂಶೋಧನಾರ್ಥಿ)

ಉತ್ತರ: ಕಳಿಸಬೇಡಿ. 2022ರ ನಿಯಮಾವಳಿಯಲ್ಲಿ ಲೇಖನ ಪ್ರಕಟಣೆ ಕಡ್ಡಾಯವಲ್ಲ, ನಿಮ್ಮ ವಿಶ್ವವಿದ್ಯಾಲಯ ತನ್ನ ನಿಯಮದಲ್ಲಿ ಕೇಳುತ್ತಿದೆಯೇ ಎಂದು ಓದಿ. ಕೇಳಿದರೂ ಇಬ್ಬರು ಓದಿ ವಿಮರ್ಶಿಸಲು ತಿಂಗಳುಗಳು ಬೇಕು, ಮೂರು ದಿನದಲ್ಲಿ ಯಾರೂ ಓದಿರುವುದಿಲ್ಲ. ಯು.ಜಿ.ಸಿ. ಗುಣಮಟ್ಟದ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ ಮೇಲೆ ‘ಯು.ಜಿ.ಸಿ. ಅನುಮೋದಿತ’ ಎಂಬ ಜಾಹೀರಾತಿಗೆ ಅರ್ಥವೂ ಉಳಿದಿಲ್ಲ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ ಅವರ ಸಂಸ್ಥೆಯ ವಿಳಾಸಕ್ಕೆ ಮಿಂಚಂಚೆ ಬರೆದು ಕೇಳಿ. ತಾವು ಮಂಡಳಿಯಲ್ಲಿರುವುದೇ ತಿಳಿದಿಲ್ಲ ಎಂಬ ಉತ್ತರ ಬರುವುದುಂಟು. ಇಂಥ ಕಡೆ ಒಮ್ಮೆ ಅಚ್ಚಾದ ಅಧ್ಯಾಯವನ್ನು ಒಳ್ಳೆಯ ಪತ್ರಿಕೆ ಮತ್ತೆ ಮುಟ್ಟುವುದಿಲ್ಲ. ಪ್ರಬಂಧದ ಸಾಮ್ಯತೆ ಪರೀಕ್ಷೆಯಲ್ಲೂ ಅದು ಎದುರಾಗುತ್ತದೆ. 2018ರ ಕೃತಿಚೌರ್ಯ ನಿಯಮದಂತೆ ಸಾಮ್ಯತೆ 10 ಶೇಕಡಾದೊಳಗಿದ್ದರೆ ಶಿಕ್ಷೆಯಿಲ್ಲ, 40ರವರೆಗೆ ತಿದ್ದಿ ಮರುಸಲ್ಲಿಕೆ, 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ನಿಮ್ಮದೇ ಲೇಖನದಿಂದ ತೆಗೆದ ಭಾಗವಿದ್ದರೆ ಯಾವ ಪತ್ರಿಕೆ, ಯಾವ ವರ್ಷ ಎಂದು ಅಧ್ಯಾಯದ ಆರಂಭದಲ್ಲೇ ಬರೆದು, ಸಾಮ್ಯತಾ ವರದಿಯ ಜೊತೆ ಮಾರ್ಗದರ್ಶಕರ ಸಹಿಯ ಟಿಪ್ಪಣಿ ಲಗತ್ತಿಸಿ.